ಬಾಣಂತಿ ಕೋಣೆಗೆ ಒಯ್ದ ನೀರು

ಪಿಯುಸಿಯಲ್ಲಿ ಗೃಹವಿಜ್ಞಾನ ತೆಗೆದುಕೊಂಡವಳು ಎಂದರೆ ನಮ್ಮೂರಿನವರ ಪಾಲಿಗೆ ತಲೆ ಓಡದವಳು. ಹತ್ತನೇ ಕ್ಲಾಸಿನಲ್ಲಿ ನನಗೆ ಬಂದ ಮಾರ್ಕ್ಸಿಗೆ ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಬೇರೇನೂ ಸಿಗಲಿಲ್ಲ, ಸಿಕ್ಕಿದ್ದು ಇದು. ಬೂಕನಕೆರೆ ಕಡೆಯಿಂದ ಬರುವ ಬಸ್ಸಿಗೆ ಕಾಯುತ್ತ ನಿಂತಾಗ, "ಮುದ್ದೆ ತಿರುವದು ಕಲಿಯಕ್ಕೆ ಕಾಲೇಜ್ಗೆ ಹೋಗ್ತಾವ್ಳೆ ಕಣ್ಲಾ" ಎಂದು ನನಗೆ ಕೇಳುವ ಹಾಗೇ ಆಡಿಕೊಳ್ಳುತ್ತಿದ್ದರು. ನಾನು ಮೊದಲೇ ಮುಂಗೋಪಿ. ಒಂದಲ್ಲ ಒಂದು ದಿನ ಇವರ ಬಾಯಿ ಮುಚ್ಚಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಓದುತ್ತಿದ್ದೆ.

ಎರಡನೇ ವರ್ಷದ ಹೊತ್ತಿಗೆ ಆ ವಿಷಯದ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ಪ್ರೀತಿಗಿಂತ ಹೆಚ್ಚಾಗಿ ಜಂಬ. ನಮ್ಮ ಲ್ಯಾಬಿನಲ್ಲಿ ಎರಡು ಗ್ಯಾಸ್ ಒಲೆ, ಒಂದು ತಕ್ಕಡಿ, ಸ್ನಾನ ಮಾಡಿಸುವುದನ್ನು ಕಲಿಯಲು ಒಂದು ರಬ್ಬರ್ ಬೊಂಬೆ ಇದ್ದವು. ನಾಗಮಂಗಲದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಮೇಡಂ, ಯಾವ ಕಾಳಿನಲ್ಲಿ ಏನಿದೆ, ಬಸುರಿಗೆ ಏನು ಕೊಡಬೇಕು, ಎಳೆಮಗುವಿನ ತೂಕ ವಾರಕ್ಕೆಷ್ಟು ಏರಬೇಕು ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಗೋಡೆಗೆ ಚಾರ್ಟ್ ಬರೆಯುವ ಕೆಲಸವೆಲ್ಲ ನನ್ನದೇ, ಅಕ್ಷರ ದುಂಡಗಿತ್ತಲ್ಲ.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅಕ್ಕ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಿದ್ದಳು. ಅವಳನ್ನು ಪಾಂಡವಪುರದ ಹತ್ತಿರದ ಊರಿಗೆ ಕೊಟ್ಟಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತು. ಮೂರನೇ ದಿನ ಮನೆಗೆ ಬಂದವಳನ್ನು ಅಜ್ಜಿ ಹಿಂದಿನ ಕೋಣೆಗೆ ಸೇರಿಸಿ ಕಿಟಕಿ ಮುಚ್ಚಿದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಬಿಗಿಯಾಗಿ ಸುತ್ತಿದ ಹಳೇ ಸೀರೆ, ಎರಡು ಹೊತ್ತೂ ಕೆಂಡದ ಮೇಲೆ ಸಾಂಬ್ರಾಣಿ ಹೊಗೆ. ಊಟಕ್ಕೆ ಬಿಸಿ ಅನ್ನ, ತುಪ್ಪ, ಮೆಣಸು ಬೆಳ್ಳುಳ್ಳಿಯ ಖಾರ. ಸೊಪ್ಪು ಇಲ್ಲ, ಹಣ್ಣು ಇಲ್ಲ. ನೀರು ಅಂದರೆ ಓಂಕಾಳು ಹಾಕಿ ಕುದಿಸಿದ್ದು, ಊಟವಾದ ಮೇಲೆ ಒಂದೇ ಒಂದು ಸಣ್ಣ ಲೋಟ. ಅದೂ ಮುಕ್ಕಾಲು.

ನಮ್ಮ ಕಡೆ ಬಾಣಂತಿಗೆ ನೀರು ಕೊಡುವುದಿಲ್ಲ. ಕುಡಿದರೆ ಹೊಟ್ಟೆ ದಪ್ಪವಾಗಿ ಹಾಗೇ ನಿಂತುಬಿಡುತ್ತದೆ, ಹಾಲಿನ ಮೂಲಕ ಮಗುವಿಗೆ ಶೀತ ಇಳಿಯುತ್ತದೆ ಎಂದು ನಂಬಿಕೆ. ಇದನ್ನು ಯಾರೂ ವಾದ ಮಾಡಿ ಒಪ್ಪಿಸುವುದಿಲ್ಲ. ಬಾಗಿಲಿಗೆ ನೀರು ಹಾಕುವ ಹಾಗೆ, ದೀಪ ಹಚ್ಚುವ ಹಾಗೆ ನಡೆದುಕೊಂಡು ಹೋಗುತ್ತದೆ. ನನಗೂ ಅದು ಕಣ್ಣಿಗೆ ಬೀಳುತ್ತಿರಲಿಲ್ಲವೇನೋ, ಅದೇ ವಾರ ಮೇಡಂ 'ಹಾಲುಣಿಸುವ ತಾಯಿಯ ಆಹಾರ' ಎಂಬ ಪಾಠ ಶುರು ಮಾಡದೇ ಇದ್ದಿದ್ದರೆ. ತಾಯಿ ಬಾಯಾರಿದರೆ ಮೈ ಸೊರಗುತ್ತದೆ, ಹಾಲಿಗೂ ಕುತ್ತು, ಆದ್ದರಿಂದ ನೀರು, ಹಾಲು, ಸೊಪ್ಪು, ಬೇಳೆ ಎಲ್ಲಾ ಹೆಚ್ಚಾಗಿ ಕೊಡಬೇಕು ಎಂದು ಅವರು ಬೋರ್ಡಿನ ಮೇಲೆ ಬರೆದರು. ನಾನು ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ಪೆನ್ನು ಕೆಳಗಿಟ್ಟೆ.

ಆವತ್ತು ಮನೆಗೆ ಹೋದವಳೇ ಅಕ್ಕನನ್ನು ನೋಡಿದೆ. ತುಟಿ ಒಡೆದು ಸಿಪ್ಪೆ ಎದ್ದಿತ್ತು. ಮಗು ಎರಡು ಸಲ ಚೀಪಿ, ಬಿಟ್ಟು, ಕಿರುಚುತ್ತಿತ್ತು. ಮತ್ತೆ ಚೀಪಿ, ಮತ್ತೆ ಕಿರುಚುತ್ತಿತ್ತು. "ಬರ್ತಾ ಇಲ್ಲ ಕಣೆ" ಎಂದಳು ಅಕ್ಕ.

"ಅಜ್ಜಿ, ಅವ್ಳಿಗೆ ನೀರು ಕೊಡಿ" ಎಂದೆ.

"ನಾನು ಐದು ಹೆತ್ತಿವ್ನಿ" ಎಂದಳು ಅಜ್ಜಿ, ತಲೆ ಎತ್ತದೆ ಬೆಳ್ಳುಳ್ಳಿ ಸುಲಿಯುತ್ತ. "ಯಾವ ಬುಕ್ಕನೂ ನೋಡ್ಕಂಡು ಹೆತ್ತಿಲ್ಲ."

ನಾನು ಸುಮ್ಮನಾಗುವವಳಲ್ಲ. ಹಿತ್ತಲಿಗೆ ಹೋದೆ. ಅದೇ ತಿಂಗಳು ಕರು ಹಾಕಿದ್ದ ನಮ್ಮ ಹಸುವಿಗೆ ಅವ್ವ ಬೂಸ ಕಲಸಿ ಬಕೆಟ್ಟಿನಲ್ಲಿ ನೀರಿಡುತ್ತಿದ್ದಳು. ಅಪ್ಪ ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದು ನಿಂತಿದ್ದ. "ಕರು ಹಾಕಿರೋ ಹಸೀಗೆ ಬಕೆಟ್ಗಟ್ಲೆ ನೀರಿಡ್ತೀರ. ಇಲ್ದಿದ್ರೆ ಡೇರೀಲಿ ಹಾಲು ಕಮ್ಮಿ ಆಯ್ತದೆ ಅಂತ ಗೊತ್ತದೆ. ನಮ್ಮಕ್ಕಂಗೆ ಒಂದು ಚೊಂಬು ಕೊಡಕ್ಕೆ ಆಗಲ್ವಾ ನಿಮ್ಗೆ?" ಎಂದು ಕೂಗಿದೆ. ಅಪ್ಪ ಒಂದು ಗಳಿಗೆ ನನ್ನನ್ನೇ ನೋಡಿದ. ಅವನಿಗೆ ಅರ್ಥವಾಗಿತ್ತು, ಅದು ಅವನ ಮುಖದಲ್ಲಿ ಕಾಣುತ್ತಿತ್ತು. "ಅದು ಹೆಂಗಸ್ರು ವಿಸ್ಯ, ನನ್ನ ಕೇಳ್ಬ್ಯಾಡ" ಎಂದು ಕ್ಯಾನು ಎತ್ತಿಕೊಂಡು ಹೋದ. ಅವ್ವ ಒದ್ದೆ ಕೈಯಲ್ಲೇ ನನ್ನ ಕೆನ್ನೆಗೆ ಒಂದು ಬಿಟ್ಟಳು. "ಹಸೂನೂ ನಿಮ್ಮಕ್ಕನೂ ಒಂದೇನೇ? ಬಾಯ್ಮುಚ್ಕಂಡು ಓದ್ಕೋ ಹೋಗು" ಎಂದಳು.

ಹದಿನಾಲ್ಕನೇ ದಿನ ನಮ್ಮೂರಿನ ಆಶಾ ಕಾರ್ಯಕರ್ತೆ ತೂಕ ನೋಡಲು ಬಂದರು. ಮಗುವನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ ತಕ್ಕಡಿಗೆ ಸಿಕ್ಕಿಸಿ ಎತ್ತಿದರು. ಹುಟ್ಟಿದಾಗ ಎರಡೂವರೆ ಕೆಜಿ ಇತ್ತು. ಈಗ ಅಷ್ಟೂ ಇರಲಿಲ್ಲ. ಅಷ್ಟು ದಿನಕ್ಕೆ ಕಳೆದುಕೊಂಡ ತೂಕ ವಾಪಸ್ ಬಂದು ಇನ್ನೂ ಸ್ವಲ್ಪ ಏರಿರಬೇಕು, ಇಲ್ಲದಿದ್ದರೆ ಮಗು ಅಪಾಯದಲ್ಲಿದೆ ಎಂದು ನಾನು ಓದಿದ್ದೆ. "ಮಗು ಹಾಲು ಸಾಲ್ದೆ ಸೊರಗ್ತಾ ಅದೆ ದೊಡ್ಡವ್ವ. ಬಾಣಂತಿಗೆ ಚೆನ್ನಾಗಿ ನೀರು ಕುಡುಸ್ಬೇಕು, ಸೊಪ್ಪು ಕೊಡ್ಬೇಕು" ಎಂದರು ಅವರು. ಅಜ್ಜಿ "ಊಂ ಕಣವ್ವ, ಕೊಡ್ತೀವಿ" ಎಂದು ಕಾಫಿ ತಂದುಕೊಟ್ಟಳು. ಅವರು ಹೋದ ಮೇಲೆ ಅದೇ ಲೋಟ, ಅದೇ ಮುಕ್ಕಾಲು.

ನಾನು ಓಡಿಹೋಗಿ ಬೀದಿ ತಿರುವಿನಲ್ಲಿ ಅವರನ್ನು ಹಿಡಿದೆ. "ಅವ್ರು ಕೊಡಲ್ಲ ಅಕ್ಕ. ವಾಪಸ್ ಬಂದು ಜೋರು ಮಾಡಿ" ಎಂದು ಅಂಗಲಾಚಿದೆ. ಅವರು ಬ್ಯಾಗನ್ನು ಹೆಗಲ ಮೇಲೆ ಸರಿಮಾಡಿಕೊಂಡು, "ನಮ್ಗೆ ಹೇಳು ಅಂತ ಹೇಳವ್ರೆ, ಹೇಳ್ತೀನಿ. ಜೋರು ಮಾಡಿದ್ರೆ ನಾಳಿಂದ ಒಳಿಕ್ಕೇ ಸೇರ್ಸಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ನನ್ನ ಮಗಳ ಬಾಣಂತನದಲ್ಲಿ ನಾನೂ ಕೊಡ್ಲಿಲ್ಲ ಕಣವ್ವ. ಧೈರ್ಯ ಬರ್ಲಿಲ್ಲ" ಎಂದರು. ಅವತ್ತು ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗೊತ್ತಿದ್ದೂ ಮಾಡದವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಅದೇ ವಾರ ರೆಕಾರ್ಡಿನಲ್ಲಿ ಹಾಲುಣಿಸುವ ತಾಯಿಗೆ ಒಂದು ದಿನದ ಆಹಾರದ ಪಟ್ಟಿ ಬರೆಯಬೇಕಿತ್ತು. ಬೆಳಿಗ್ಗೆ ರಾಗಿ ಗಂಜಿ, ಹಾಲು. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಮಜ್ಜಿಗೆ. ಸಂಜೆ ಪರಂಗಿ ಹಣ್ಣು. ಇಡೀ ದಿನ ಕಾಯಿಸಿ ಆರಿಸಿದ ನೀರು, ಬೇಕಾದಷ್ಟು. ಅಂಚಿಗೆ ಹಸಿರು ಪೆನ್ನಿನಲ್ಲಿ ಬಳ್ಳಿಯ ಚಿತ್ರ ಬರೆದೆ. ಪಕ್ಕದ ಕೋಣೆಯಲ್ಲಿ ಮಗು ಅಳುತ್ತಿತ್ತು. ಅಳುವಿನ ದನಿಯೂ ಮೊದಲಿನಷ್ಟು ಇರಲಿಲ್ಲ. ಮೇಡಂ ಪುಟದ ಕೆಳಗೆ ಕೆಂಪು ಇಂಕಿನಲ್ಲಿ 'ವೆರಿ ಗುಡ್' ಎಂದು ಬರೆದುಕೊಟ್ಟರು. ಆ ಪುಟವನ್ನು ಹರಿದು ಒಲೆಗೆ ಹಾಕಬೇಕೆನ್ನಿಸಿತು.

ಮೇಡಂಗೆ ಎಲ್ಲಾ ಹೇಳಿ ಅತ್ತೆ. "ನಾನು ಬಂದು ಹೇಳಿದರೆ ನಿಮ್ಮಜ್ಜಿ ಕೇಳ್ತಾರೇನಮ್ಮ? ಮೊದಲು ಮಗೂನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ" ಎಂದರು. ಮನೆಯಲ್ಲಿ ಹೇಳಿದರೆ, ತಿಂಗಳಾಗದೆ ಬಾಣಂತಿ ಹೊಸ್ತಿಲು ದಾಟುವ ಹಾಗಿಲ್ಲ ಎಂದು ಅಜ್ಜಿ ಎದ್ದುಹೋದಳು. ಭಾವನಿಗೆ ಫೋನ್ ಮಾಡಿದೆ. "ಹಿರಿಯರಿಗೆ ಗೊತ್ತಿರಲ್ವಾ?" ಎಂದ. ಇನ್ನು ಯಾರನ್ನು ಕೇಳುವುದು? ಹದಿನೇಳು ವರ್ಷದ ಹುಡುಗಿಯ ಮಾತನ್ನು ಯಾರು ತಾನೇ ಕೇಳಿಸಿಕೊಳ್ಳುತ್ತಾರೆ? ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ನನಗೆ ಆ ತಕ್ಕಡಿಯ ಮುಳ್ಳೇ ಕಾಣುತ್ತಿತ್ತು. ಹೀಗೇ ನಡೆದರೆ ಮಗು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಅದಕ್ಕೇ ಕಳ್ಳತನಕ್ಕೆ ಇಳಿದೆ. ಊಟದ ಬಿಡುವಿನಲ್ಲಿ ಕಾಲೇಜಿನ ಲ್ಯಾಬಿನ ಒಲೆಯ ಮೇಲೆ ನೀರು ಕುದಿಸಿ, ಆರಿಸಿ, ನನ್ನ ಬಾಟಲಿಗೆ ತುಂಬಿಕೊಳ್ಳುತ್ತಿದ್ದೆ. ಗಂಟಲು ನೋವು ಎಂದು ಮೇಡಂಗೆ ಸುಳ್ಳು ಹೇಳಿದ್ದೆ. ಸಂಜೆ ಅವ್ವ ಹಾಲು ಕರೆಯಲು ಕೂರುತ್ತಿದ್ದಳು, ಅಜ್ಜಿ ಕರು ಹಿಡಿದುಕೊಳ್ಳಲು ಹೋಗುತ್ತಿದ್ದಳು. ಅಷ್ಟು ಹೊತ್ತು ಕೋಣೆ ನಮ್ಮದು. ಮೊದಲ ದಿನ ಅಕ್ಕ ಹೆದರಿದಳು. "ಮಗೀಗೆ ಏನಾದ್ರೂ ಆದ್ರೆ?" ಎಂದಳು. "ಏನೂ ಆಗಲ್ಲ. ನಾನು ಓದೀವ್ನಿ" ಎಂದೆ. ಬಾಟಲಿ ಕೈಗೆ ಸಿಕ್ಕಿದ್ದೇ ತಡ ಗಟಗಟ ಕುಡಿದಳು. ಹೊರಗೆ ಕೇಳೀತು ಎಂದು ನಾನು ಬಾಗಿಲು ಮುಂದಕ್ಕೆಳೆದೆ. ಕುಡಿದು ಮುಗಿಸಿ ಬಾಟಲಿಯ ಬಾಯನ್ನೂ ನೆಕ್ಕಿದಳು. ನನ್ನ ಅಕ್ಕ, ತಿಂಡಿಯಲ್ಲಿ ಒಂದು ಕೂದಲು ಸಿಕ್ಕರೆ ತಟ್ಟೆ ತಳ್ಳುತ್ತಿದ್ದವಳು.

ನೀರಿನ ಜೊತೆ ಬೇಯಿಸಿದ ಮೊಟ್ಟೆ, ಬೆಲ್ಲ ಹಾಕಿದ ಕಡಲೆಕಾಯಿ ಉಂಡೆ, ಏನು ಸಿಕ್ಕರೆ ಅದು ಒಯ್ದೆ. ನಾಲ್ಕನೇ ದಿನ ನಾನು ಒಳಗೆ ಹೋದಾಗ ಅಕ್ಕನ ರವಿಕೆ ಎದೆಯ ಹತ್ತಿರ ಒದ್ದೆಯಾಗಿತ್ತು. "ಇಳೀತಾ ಅದೆ ಕಣೆ" ಎಂದಳು, ಹೆರಿಗೆಯಾದ ಮೇಲೆ ಮೊದಲ ಸಲ ನಕ್ಕು. ಮಗು ಕುಡಿದು, ಬಾಯಿ ಅರ್ಧ ತೆರೆದುಕೊಂಡೇ ನಿದ್ದೆ ಹೋಗಿತ್ತು. ಗಲ್ಲದ ಮೇಲೆ ಹಾಲಿನ ಒಂದು ಹನಿ. ಗೆದ್ದೆ ಎಂದುಕೊಂಡೆ. ಆ ಸಂಜೆಯಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಇನ್ನು ಮುಂದಿನದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ.

ಆ ವಾರ ನಮ್ಮ ಬಸ್ಸಿನಲ್ಲಿ ಅರ್ಧಕ್ಕರ್ಧ ಜನ ಕೆಮ್ಮುತ್ತಿದ್ದರು. ಆಧಾರ್ ಕಾರ್ಡು ತೋರಿಸಿ ಹತ್ತುವ ಹೆಂಗಸರ ನೂಕುನುಗ್ಗಲಿನಲ್ಲಿ ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ. ನೀರು ಒಯ್ಯತೊಡಗಿದ ಆರನೇ ದಿನ ನನಗೆ ಗಂಟಲು ನಿಜವಾಗಿಯೇ ನೋಯತೊಡಗಿತು. ಸಂಜೆಯ ಹೊತ್ತಿಗೆ ಮೂಗು ಸೋರುತ್ತಿತ್ತು, ಮೈ ಬಿಸಿಯಾಗಿತ್ತು. ನೆಗಡಿ ಕೆಮ್ಮು ಇರುವವರು ಎಳೆಮಗುವಿನ ಹತ್ತಿರ ಹೋಗಬಾರದು, ಮಗುವನ್ನು ಎತ್ತಿಕೊಳ್ಳಬಾರದು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲ್ಯಾಬಿನ ಗೋಡೆಯ ಮೇಲಿದ್ದ ಆ ಚಾರ್ಟನ್ನು ಬರೆದವಳೇ ನಾನು.

ಆದರೂ ಹೋದೆ. ಒಂದು ದಿನ ನೀರು ತಪ್ಪಿದರೆ ಮತ್ತೆ ಹಾಲು ಬತ್ತಿಹೋಗುತ್ತದೆ ಎಂಬ ಭಯ ನನಗೆ. ಅಕ್ಕ ಕಾಯುತ್ತಿರುತ್ತಾಳೆ ಎಂದು ನೆಪ. ಬಾಟಲಿಯನ್ನು ಬಾಗಿಲಲ್ಲೇ ಇಟ್ಟು ಬರಬಹುದಿತ್ತು. ಅಕ್ಕ "ಇದನ್ನ ಒಂಚೂರು ಇಟ್ಕೋ, ಕುಡ್ಕತೀನಿ" ಎಂದು ಮಗುವನ್ನು ಚಾಚಿದಳು. ಈಸಿಕೊಂಡೆ. ಅದರ ಮೈ ತುಂಬಿಕೊಳ್ಳುತ್ತಿದೆ ಅನ್ನಿಸಿ ಮುಖದ ಹತ್ತಿರ ಹಿಡಿದು ನೋಡಿದೆ. ಒಂದು ಸೀನು ಬಂತು, ಮುಖ ತಿರುಗಿಸಿದೆ, ಎಷ್ಟು ತಿರುಗಿಸಿದೆನೋ ಗೊತ್ತಿಲ್ಲ. ಮಾರನೇ ದಿನವೂ ಹೋದೆ. ಕೋಣೆಯ ಮಬ್ಬಿನಲ್ಲಿ, ಹೊಗೆಯಲ್ಲಿ, ಅಕ್ಕನಿಗೆ ನನ್ನ ಮೂಗು ಕಾಣಲಿಲ್ಲ. ಹೊಗೆಗೆ ಎಲ್ಲರ ಮೂಗೂ ಸೋರುತ್ತಿತ್ತಲ್ಲ.

ಅದಾದ ಮೂರನೇ ಬೆಳಿಗ್ಗೆ ಮಗು ಹಾಲು ಕಚ್ಚಲಿಲ್ಲ. ಉಸಿರು ಗೊರಗೊರ ಎನ್ನುತ್ತಿತ್ತು. ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಚರ್ಮ ಒಳಗೆ ಸೇದಿಕೊಳ್ಳುತ್ತಿತ್ತು. ಹಾಸಿಗೆ ಕೊಡವಲು ಎತ್ತಿದ ಅಜ್ಜಿಯ ಕೈಗೆ ನನ್ನ ಬಾಟಲಿ ಸಿಕ್ಕಿತು. ಅದನ್ನು ಎತ್ತಿ ಹಿಡಿದು ಅಲ್ಲಾಡಿಸಿದಳು. ತಳದಲ್ಲಿ ಇನ್ನೂ ನೀರಿತ್ತು.

"ನೀರು ಕುಡ್ಸ್ಬುಟ್ಟವ್ಳೆ" ಎಂದಳು. ಬೈಯಲೂ ಇಲ್ಲ. ಉಳಿದಿದ್ದ ನೀರನ್ನು ಬಾಗಿಲಾಚೆ ಚೆಲ್ಲಿದಳು.

ಅಕ್ಕ ನನ್ನ ಕಡೆ ನೋಡಿ, "ಅವ್ಳೇ ತಂದ್ಕೊಟ್ಲು. ಏನೂ ಆಗಲ್ಲ ಅಂದ್ಲು" ಎಂದು ಅಳತೊಡಗಿದಳು. ನಾನು ಏನು ಹೇಳಿದೆನೋ ನೆನಪಿಲ್ಲ. ಮೊದಲು ಡಾಕ್ಟರ ಹತ್ತಿರ ಹೋಗೋಣ ಎಂದು ಕೂಗಿದ್ದು ಮಾತ್ರ ನೆನಪಿದೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿದರು, ಎದೆಗೆ ಬಿಸಿ ಮಾಡಿದ ಎಲೆ ಇಟ್ಟರು. ಭಾವ ಕಾರು ಮಾಡಿಕೊಂಡು ಬಂದಾಗ ಮಧ್ಯಾಹ್ನವಾಗಿತ್ತು. ಮಗುವಿನ ತುಟಿಯ ಸುತ್ತ ನೀಲಿ ತಿರುಗುತ್ತಿತ್ತು.

ಪಾಂಡವಪುರ ದಾಟಿ ಮೈಸೂರಿನ ಕಡೆಗೆ ಹೋದೆವು. ಹಿಂದಿನ ಸೀಟಿನಲ್ಲಿ ನಡುವೆ ಅಕ್ಕ, ಒಂದು ಪಕ್ಕ ಅವ್ವ, ಇನ್ನೊಂದು ಪಕ್ಕ ನಾನು. ಕಿರಂಗೂರಿನ ಹತ್ತಿರ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತು ಕಾರು ನಿಂತಿತು. ಭಾವ ಇಳಿದು ಹೋಗಿ ನೀರಿನ ಬಾಟಲಿ ತಂದು ಅಕ್ಕನಿಗೆ ಕೊಟ್ಟ. ನಾನು ಕದ್ದು ನೀರು ಕೊಟ್ಟದ್ದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ಅಕ್ಕನ ತುಟಿ ಒಣಗಿ ಬಿರಿದಿತ್ತು. ಆದರೂ ಕೈಯಲ್ಲಿ ತಳ್ಳಿದಳು. "ಬ್ಯಾಡ. ಅದ್ರಿಂದ್ಲೇ ಆಗಿರದು" ಎಂದಳು. ನಾನು "ಅದ್ರಿಂದಲ್ಲಕ್ಕ" ಎಂದೆ. ಅವಳು ಮುಖ ತಿರುಗಿಸಿಕೊಂಡಳು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ, ದೇವರೇ ಈ ಒಂದು ಸಲ ಉಳಿಸಿಕೊಡು, ಇನ್ನು ನಾನು ಯಾರಿಗೂ ಏನೂ ಹೇಳಲು ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮೈಸೂರಿನ ಆಸ್ಪತ್ರೆಯ ಡಾಕ್ಟರು ಮಗುವನ್ನು ನೋಡಿದ ಕೂಡಲೇ ಒಳಗೆ ಕಳಿಸಿ ಆಕ್ಸಿಜನ್ ಹಾಕಿಸಿದರು. ಆಮೇಲೆ ಹೊರಗೆ ಬಂದು, "ನ್ಯುಮೋನಿಯಾ ಆಗಿದೆ. ಮಗು ಮೊದಲೇ ತುಂಬಾ ಸೊರಗಿದೆ, ತಡ್ಕೊಳ್ಳೋ ಶಕ್ತಿ ಇಲ್ಲ" ಎಂದರು.

"ಇವ್ಳು ಬಾಣಂತಿಗೆ ನೀರು ಕುಡ್ಸ್ಬುಟ್ಲು ಸಾರ್, ಅದ್ಕೇ" ಎಂದಳು ಅವ್ವ.

ಅವರು ಸಿಟ್ಟಾದರು. "ನೀರು ಕುಡಿಸಿದ್ದಕ್ಕೆ ಏನೂ ಆಗಲ್ಲಮ್ಮ. ಅಷ್ಟು ದಿನ ಕುಡಿಸದೇ ಇದ್ರಲ್ಲ, ಅದು ತಪ್ಪು" ಎಂದರು. ನಾನು ತಲೆ ಎತ್ತಿ ಅವ್ವನ ಮುಖ ನೋಡಿದೆ. ಅಂಥ ಹೊತ್ತಿನಲ್ಲೂ ನನಗೆ ಗೆದ್ದ ಹಾಗಾಯಿತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಅವರು ಕೇಳಿದರು, "ಮನೇಲಿ ಯಾರಿಗಾದರೂ ನೆಗಡಿ, ಕೆಮ್ಮು, ಜ್ವರ ಇತ್ತಾ? ಮಗೂನ ಎತ್ಕೊಂಡವರಿಗೆ?"

"ಇಲ್ಲ ಸಾರ್. ಬಾಣಂತಿ ಕೋಣೆಗೆ ನಾವು ಯಾರನ್ನೂ ಬುಡಲ್ಲ" ಎಂದಳು ಅವ್ವ.

ನಾನು ಅವಳ ಹಿಂದೆ ನಿಂತಿದ್ದೆ. ಮೂಗಿನ ತುದಿ ಇನ್ನೂ ಉರಿಯುತ್ತಿತ್ತು. ನನಗೆ ಇತ್ತು ಸಾರ್, ಎಂದು ಮೂರೇ ಮಾತು ಹೇಳಬೇಕಿತ್ತು. ವೇಲಿನ ತುದಿಯಲ್ಲಿ ಮೂಗು ಮುಚ್ಚಿಕೊಂಡೆ. ಡಾಕ್ಟರು ಏನೋ ಬರೆದುಕೊಂಡು ಒಳಗೆ ಹೋದರು.

ಎರಡು ದಿನ ಬದುಕಿತ್ತು. ಹೆಸರು ಕೂಡ ಇಟ್ಟಿರಲಿಲ್ಲ. ಅಪ್ಪ ಬಂದು ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡು ಹೋದ.

ಆಮೇಲಿನ ತಿಂಗಳುಗಳು ನನಗೆ ಸರಿಯಾಗಿ ನೆನಪಿಲ್ಲ. ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಊರಿನಲ್ಲಿ ಯಾರ ಮನೆಗೆ ಬಾಣಂತಿ ಬಂದರೂ, ನಾನು ಆ ಬೀದಿಯಲ್ಲಿ ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಸಿಕ್ಕಸಿಕ್ಕವರ ಹತ್ತಿರ ಜಗಳಕ್ಕೆ ನಿಂತೆ. ನೀರಿನಿಂದ ಏನೂ ಆಗಲ್ಲ, ಡಾಕ್ಟರೇ ಹೇಳಿದ್ದಾರೆ, ಬೇಕಾದರೆ ಕೇಳಿಕೊಂಡು ಬನ್ನಿ ಎಂದು. ಎಷ್ಟು ಜೋರಾಗಿ ಕೂಗಿದರೆ ಅಷ್ಟು ನೆಮ್ಮದಿ. ನೀರಿನ ಮಾತು ನಡೆಯುತ್ತಿರುವಷ್ಟು ಹೊತ್ತು ಇನ್ನೊಂದು ಮಾತು ಏಳುವುದಿಲ್ಲವಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಮೇಡಂ, ಶಿಶುವಿಗೆ ಸೋಂಕು ತಗುಲದಂತೆ ವಹಿಸಬೇಕಾದ ಎಚ್ಚರಿಕೆ ಹೇಳು ಎಂದರು. ಒಂದೂ ಬಿಡದೆ ಹೇಳಿದೆ. ಪೂರ್ತಿ ಮಾರ್ಕ್ಸು ಬಂತು.

ಈಗ ಡಿಗ್ರಿ ಕೊನೆಯ ವರ್ಷದಲ್ಲಿದ್ದೇನೆ. ಓದುವುದು ಪೋಷಣೆಯನ್ನೇ. ಕಳೆದ ತಿಂಗಳು ಅಕ್ಕನಿಗೆ ಎರಡನೇ ಮಗುವಾಯಿತು. ಅದೂ ಹೆಣ್ಣು. ಬಾಣಂತನ ಅದೇ ಕೋಣೆಯಲ್ಲಿ. ನಾನು ಹಾಸ್ಟೆಲಿನಿಂದ ಬಂದು ಹೊಸ್ತಿಲಾಚೆಯೇ ನಿಂತೆ. ಕಿಟಕಿ ತೆಗೆದಿತ್ತು. ಅಕ್ಕ ಅಜ್ಜಿಯ ಎದುರಿಗೇ ದೊಡ್ಡ ಚೊಂಬು ಎತ್ತಿ ನೀರು ಕುಡಿಯುತ್ತಿದ್ದಳು. ಅಜ್ಜಿ ಗೋಡೆಯ ಕಡೆ ತಿರುಗಿ ಕೂತಿದ್ದಳು.

"ಒಳೀಕೆ ಬಾ, ಅಲ್ಯಾಕೆ ನಿಂತಿದ್ದೀಯ?" ಎಂದಳು ಅಕ್ಕ. ಅವಳು ನನ್ನ ಜೊತೆ ನೇರವಾಗಿ ಮಾತಾಡಿ ಎಷ್ಟೋ ಕಾಲವಾಗಿತ್ತು. "ಈ ಸಲ ಡಾಕ್ಟರು ಎಲ್ಲಾ ಬುಡಿಸಿ ಹೇಳುದ್ರು. ಆವತ್ತು ನೀನೊಬ್ಳೇ ಸರಿಯಾಗಿ ಹೇಳಿದ್ದೆ. ನಿನ್ ಮಾತು ಮೊದ್ಲೇ ಕೇಳಿದ್ದಿದ್ರೆ ನನ್ನ ಮಗು ಉಳೀತಿತ್ತು. ನಾನೇ ನಿನ್ ಮ್ಯಾಲೆ ತಪ್ಪು ಹೊರ್ಸ್ಬುಟ್ಟೆ. ಮನ್ಸಲ್ಲಿ ಇಟ್ಕೋಬ್ಯಾಡ ಕಣೆ."

ಮಗುವನ್ನು ಎತ್ತಿ ನನ್ನ ಕಡೆ ಚಾಚಿದಳು. ನಾನು ಎರಡು ಸಲ ಕೈ ತೊಳೆದುಕೊಂಡು ಬಂದಿದ್ದೆ. ಈಸಿಕೊಂಡೆ. ನನ್ನ ಆ ನೆಗಡಿಯ ಮಾತನ್ನು ಹೇಳಬೇಕಾದ ಹೊತ್ತು ಇದೇ ಆಗಿತ್ತು.

"ಬುಡಕ್ಕ, ಆಗಿದ್ದಾಯ್ತು" ಎಂದೆ.

ಅಕ್ಕ ನನ್ನ ಮೊಣಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತಳು, ತನ್ನ ತಪ್ಪಿಗೆ.